ಇಬ್ಬರ ತಾಟಿಗೆ ಒಂದು ಚೀಲ

ಡಿಸೆಂಬರ್ 8, ಸೋಮವಾರ

ಬರೆಯುವ ಕೆಲಸ ನನ್ನದಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಅರವತ್ತೈದು ದಾಟಿದ ಮೇಲೆ ಪೆನ್ನು ಕೊಟ್ಟು ಕೂಡಿಸುವವರಿಗೆ ಬುದ್ಧಿ ಇದೆಯೋ ಇಲ್ಲವೋ. ಕೂಡಿಸಿದವಳು ನನ್ನ ಮೊಮ್ಮಗಳು ದುರ್ಗಾ. ಶಾಲೆಯಲ್ಲಿ ಆಟದ ಟೀಚರ್. ಮಕ್ಕಳನ್ನು ಬಿಸಿಲಲ್ಲಿ ಓಡಿಸುವುದು ಸಾಲದೆ ಮನೆಗೆ ಬಂದು ನನ್ನನ್ನೂ ಓಡಿಸುತ್ತಾಳೆ.

ಆದದ್ದು ಇಷ್ಟು. ಶನಿವಾರ ನಮ್ಮ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಅಂಗಡಿಯಲ್ಲಿ ಚೀಲ ಕೇಳಲು ಹೋಗಿದ್ದೆ. ಹಗುರ ಇರಬೇಕು, ಹರಿಯಬಾರದು, ಇಷ್ಟೇ ಕೇಳಿದ್ದು. ಗಟ್ಟಿ ಚೀಲ ತೋರಿಸಿದ, ಖಾಲಿ ಚೀಲವೇ ಒಂದು ಕೊಡ ನೀರಿನಷ್ಟು ಭಾರ. ಹಗುರದ್ದು ತೋರಿಸಿದ, ಬೆರಳು ಒತ್ತಿದರೆ ಆಚೆ ಬರುವಷ್ಟು ತೆಳು. ಎರಡೂ ಗುಣ ಒಂದೇ ಚೀಲದಲ್ಲಿ ಬೇಕೆಂದರೆ ಪರದೇಶದಿಂದ ತರಿಸಬೇಕು ಅಜ್ಜಿ, ಅಂತ ನಕ್ಕ. ನಾನು ಬಾಯಿ ಮಾಡಿದೆ. ಬಾಯಿ ಮಾಡುತ್ತಿರುವಾಗಲೇ ಕಣ್ಣಿಗೆ ಕತ್ತಲೆ ಬಂತು. ಆ ಅಂಗಡಿಯವನೇ ಸ್ಟೂಲ್ ತಂದು ಕೂಡಿಸಿ ನೀರು ಕೊಟ್ಟ. ಅದು ಇನ್ನೂ ಸಿಟ್ಟು ಬರಿಸಿತು.

ಡಾಕ್ಟರ್ ಬಿ.ಪಿ. ನೋಡಿ ಗುಳಿಗೆ ಹೆಚ್ಚು ಮಾಡಿದರು. ಸಿಟ್ಟು ಬಂದಾಗ ಬಾಯಿ ತೆರೆಯಬೇಡಿ, ಬರೆಯಿರಿ, ಯಾರಿಗೂ ತೋರಿಸಬೇಡಿ, ಒಂದು ತಿಂಗಳು ನೋಡೋಣ ಅಂದರು. ಡಾಕ್ಟರ್ ಒಂದು ಸಲ ಅಂದರು. ದುರ್ಗಾ ಹೊತ್ತು ಹೊತ್ತಿಗೂ ಅನ್ನುತ್ತಾಳೆ.

ಬರೆದೆ. ಸಿಟ್ಟು ಎಲ್ಲಿತ್ತೋ ಅಲ್ಲೇ ಇದೆ.

ಡಿಸೆಂಬರ್ 9, ಮಂಗಳವಾರ

ಇವತ್ತು ಯಾರ ಮೇಲೂ ಸಿಟ್ಟು ಬರಲಿಲ್ಲ. ಬರೆಯಲು ಏನೂ ಇಲ್ಲ ಅಂದರೆ, ಇಲ್ಲ ಅಂತ ಬರಿ ಅಂದಳು ದುರ್ಗಾ. ಆಗ ಬಂತು.

ಡಿಸೆಂಬರ್ 12, ಶುಕ್ರವಾರ

ಚೀಲ ಯಾಕೆ ಬೇಕು ಅನ್ನುವುದನ್ನೇ ಬರೆದಿಲ್ಲ. ಯಾರೂ ಓದುವುದಿಲ್ಲವಾದರೂ ಸುರುವಿನಿಂದ ಹೇಳದೆ ಮಾತು ಎಳೆಯುವವರನ್ನು ಕಂಡರೆ ನನಗಾಗದು.

ಎರಡು ವರ್ಷದ ಹಿಂದೆ ದುರ್ಗಾ ಯಾವುದೋ ತರಬೇತಿಗೆ ಹೋಗಿ ಡಿಸ್ಕ್ ಗಾಲ್ಫ್ ಅಂತ ಒಂದು ಆಟ ಕಲಿತು ಬಂದಳು. ಡಿಸ್ಕ್ ಅಂದರೆ ಪ್ಲಾಸ್ಟಿಕ್ಕಿನ ಚಪ್ಪಟೆ ಬಿಲ್ಲೆ. ನಾವು ಹೆಂಗಸರೆಲ್ಲ ತಾಟು ಅನ್ನುತ್ತೇವೆ. ಕಬ್ಬಿಣದ ಕಂಬಕ್ಕೆ ಸರಪಳಿ ಇಳಿಬಿಟ್ಟು ಕೆಳಗೆ ಬುಟ್ಟಿ ಕೂಡಿಸಿರುತ್ತಾರೆ. ದೂರದಿಂದ ತಾಟು ಎಸೆಯುತ್ತ, ಬಿದ್ದ ಜಾಗದಿಂದ ಮತ್ತೆ ಎಸೆಯುತ್ತ, ಕೊನೆಗೆ ಆ ಬುಟ್ಟಿಗೆ ಹಾಕಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ದುರ್ಗಾ ವೆಲ್ಡಿಂಗ್ ಅಂಗಡಿಯವರನ್ನು ಕಾಡಿ, ಹಳೆಯ ಸರಪಳಿ ಬೇಡಿ, ಶಾಲೆಯ ಹಿಂದಿನ ಬಯಲಿನಲ್ಲಿ ಬುಟ್ಟಿ ನಿಲ್ಲಿಸಿದಳು. ಬೆಳಿಗ್ಗೆ ಅದೇ ಬಯಲಿಗೆ ನಾವು ನಾಲ್ಕಾರು ಹೆಂಗಸರು ತಿರುಗಾಡಲು ಹೋಗುತ್ತಿದ್ದೆವು. ಮೊದಲು ನಕ್ಕೆವು. ಆಮೇಲೆ ಎಸೆದೆವು.

ನನ್ನ ಜೋಡಿ ನೂರ್ ಬೀ. ನನ್ನ ಮನೆಯಿಂದ ಮೂರನೇ ಬಾಗಿಲು. ರೈಸ್ ಮಿಲ್ಲಿನ ಕಣದಲ್ಲಿ ನಾವಿಬ್ಬರೂ ನೆಲ್ಲು ಒಣಹಾಕುವ ಕೆಲಸಕ್ಕಿದ್ದೆವು. ಮಳೆ ಹನಿಯುವ ಮೊದಲು ತಾಡಪತ್ರಿಯ ಒಂದು ತುದಿ ನಾನು, ಇನ್ನೊಂದು ತುದಿ ಅವಳು ಹಿಡಿದು ರಾಶಿ ಮುಚ್ಚುತ್ತಿದ್ದೆವು. ಅವಳು ಮಾತಾಡುವುದು ಕಡಿಮೆ. ಮಾತು ನಾನು ಆಡುತ್ತಿದ್ದೆನಲ್ಲ.

ಜೋಡಿ ಆಟದ ನಿಯಮ ಹೀಗಿದೆ: ಇಬ್ಬರೂ ಎಸೆಯಬೇಕು. ಎರಡರಲ್ಲಿ ಯಾವುದು ಚೆನ್ನಾಗಿ ಬಿತ್ತೋ ಅದನ್ನೇ ಹಿಡಿದು, ಅಲ್ಲಿಂದಲೇ ಮುಂದಿನದನ್ನು ಇಬ್ಬರೂ ಎಸೆಯಬೇಕು. ಕೆಟ್ಟು ಬಿದ್ದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ಜೋಡಿಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೀಲ. ನಮ್ಮದು ಮಾತ್ರ ಇಬ್ಬರಿಗೂ ಸೇರಿ ಒಂದೇ. ಯಾವುದೋ ಮದುವೆಯಲ್ಲಿ ತಾಂಬೂಲ ಹಾಕಿಕೊಟ್ಟ ಬಟ್ಟೆ ಚೀಲ. ಅದನ್ನು ಹೊರುವವಳು ನೂರ್ ಬೀ. ದೂರ ಹೋಗುವ ತಾಟು ಬೇರೆ, ಹತ್ತಿರ ಹಾಕುವ ತಾಟು ಬೇರೆ. ಯಾವುದು ಯಾವಾಗ ಅನ್ನುವುದು ಅವಳಿಗೆ ಗೊತ್ತು. ನಾನು ಹಿಂದೆ ತಿರುಗಿ ನೋಡದೆ ಕೈ ಚಾಚಿದರೆ ಬೇಕಾದದ್ದು ಕೈಯಲ್ಲಿ ಇರುತ್ತಿತ್ತು.

ದಸರೆ ಮುಗಿದ ಮೇಲೆ ಮಾನ್ವಿಯಲ್ಲಿ ಅವಳ ಮಗಳು ಅಮೀರ್ ಬೀ ಜಾರಿ ಬಿದ್ದು ಕಾಲು ಮುರಿದುಕೊಂಡಳು. ನೂರ್ ಬೀ ಮನೆ ನೋಡಿಕೊಳ್ಳಲು ಹೋದಳು. ಇನ್ನೂ ಬಂದಿಲ್ಲ. ಮದುವೆ ಚೀಲ ಜಾಲಿಮುಳ್ಳಿಗೆ ಸಿಕ್ಕಿ ಹರಿಯಿತು.

ಜನವರಿ ಇಪ್ಪತ್ತೈದಕ್ಕೆ ದುರ್ಗಾ ಜೋಡಿ ಪಂದ್ಯ ಇಟ್ಟಿದ್ದಾಳೆ. ದೇವದುರ್ಗದಿಂದಲೂ ಮಾನ್ವಿಯಿಂದಲೂ ಆಡುವವರು ಬರುತ್ತಾರಂತೆ.

ಡಿಸೆಂಬರ್ 15, ಸೋಮವಾರ

ಕೊಂಡ ಚೀಲ ಬೇಡ, ಹೊಲಿಸುವುದು ಲೇಸು ಅಂತ ಖಾಜಾನ ಹತ್ತಿರ ಹೋದೆ. ಬಸ್ ಸ್ಟ್ಯಾಂಡ್ ಬದಿಗೆ ಕೊಡೆ ನೆಟ್ಟುಕೊಂಡು ಮಷೀನು ತುಳಿಯುತ್ತಾನೆ. ಚೀಲ, ಜಿಪ್, ಸೂಟ್‌ಕೇಸಿನ ಹಿಡಿಕೆ ಎಲ್ಲ ಮಾಡುತ್ತಾನೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ರೆಗ್ಜಿನ್ ತೋರಿಸಿದ. ರಾಯಚೂರಿನ ಬೇಸಿಗೆಗೆ ರೆಗ್ಜಿನ್ ಹಪ್ಪಳದಂತೆ ಸುಲಿಯುತ್ತದೆ, ಬೇಡ ಅಂದೆ. ಕ್ಯಾನ್ವಾಸ್ ತೋರಿಸಿದ. ಗಟ್ಟಿ ಹೌದು. ಇಬ್ಬನಿ ಕುಡಿದರೆ ಎತ್ತಲಾಗದು, ಬೇಡ ಅಂದೆ. ಕೊನೆಗೆ ಪ್ಯಾರಾಚೂಟ್ ಬಟ್ಟೆ ತೆಗೆದ. ಕೈಯಲ್ಲಿ ಇಟ್ಟರೆ ಇಟ್ಟದ್ದೇ ಗೊತ್ತಾಗದು. ಎಳೆದೆ, ಹರಿಯಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ. "ಯವ್ವಾ, ಕೊಳ್ಳಾಕ ಬಂದೀರೋ ತಿನ್ನಾಕ ಬಂದೀರೋ" ಅಂದ.

ಇಷ್ಟರವರೆಗೆ ಸರಿ ಇತ್ತು. ಅಳತೆ ಪಟ್ಟಿ ತೆಗೆದು ಕೇಳಿದ.

"ತಾಟು ಎಷ್ಟು ಹಿಡೀಬೇಕ್ರಿ? ಒಬ್ಬರವಾ, ಇಬ್ಬರವಾ?"

ಒಬ್ಬರದಾದರೆ ಇಷ್ಟು ಸಾಕು, ಇಬ್ಬರದಾದರೆ ತಳಕ್ಕೆ ಎರಡು ಪದರ ಹಾಕಬೇಕು, ಪಟ್ಟಿ ಅಗಲ ಬೇಕು, ಮೊದಲೇ ಹೇಳಿದರೆ ಚೆನ್ನ, ಕತ್ತರಿಸಿದ ಮೇಲೆ ಬೆಳೆಸಲು ಬರುವುದಿಲ್ಲ ಅಂತ ಏನೇನೋ ಅಂದ. ನಾಲಿಗೆಯ ತುದಿಗೆ ಬಂದದ್ದನ್ನು ಡಾಕ್ಟರ್ ನೆನೆದು ನುಂಗಿ ಎದ್ದು ಬಂದೆ.

ಅಲ್ಲಿಂದಲೇ ಮಾನ್ವಿಗೆ ಫೋನ್ ಮಾಡಿದೆ. ಮಗಳ ಕಾಲು ಹೇಗಿದೆ ಅಂದೆ. ಬ್ಯಾಂಡೇಜ್ ಬಿಚ್ಚಿದ್ದಾರೆ ಅಂದಳು. ಹಾಗಾದರೆ ಬರುವೆಯಲ್ಲ ಅಂದೆ. "ನೋಡೋಣು ಶೇಖವ್ವ" ಅಂದಳು. ಏನು ನೋಡುವುದು? ದಸರೆಯಿಂದ ನೋಡುತ್ತಲೇ ಇದ್ದಾಳೆ. ಎರಡು ತಿಂಗಳಲ್ಲಿ ಆಕಾಶವನ್ನೂ ಪೂರ್ತಿ ನೋಡಿ ಮುಗಿಸಬಹುದು.

ಡಿಸೆಂಬರ್ 21, ರವಿವಾರ

ಬಯಲಿಗೆ ಹೋಗಿದ್ದೆ. ತಾಟುಗಳನ್ನು ಅಕ್ಕಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದೆ. ಎಲ್ಲರೂ ನೋಡಿದರು. ನೋಡಲಿ.

ತುಂಗಾಬಾಯಿ ಟೀಚರ್ ಹೊಸ ಚೀಲ ತಂದಿದ್ದರು. ಫೋನಿನಲ್ಲಿ ತರಿಸಿದ್ದು, ಬೆನ್ನಿಗೆ ಹಾಕುವಂಥದ್ದು, ಒಳಗೆ ಒಂದೊಂದು ತಾಟಿಗೂ ಜಾಗ, ನೀರಿನ ಬಾಟಲಿಗೆ ಬೇರೆ ಜೇಬು. ಎತ್ತಿ ನೋಡಿದೆ. ಹಗುರವೇ. ಆದರೆ ಪ್ರತಿ ಎಸೆತಕ್ಕೂ ಬೆನ್ನಿನಿಂದ ಇಳಿಸಬೇಕು, ಬಗ್ಗಬೇಕು, ಮತ್ತೆ ಏರಿಸಬೇಕು. ಮೂರನೇ ಬುಟ್ಟಿಗೆ ಬರುವಷ್ಟರಲ್ಲಿ ಪಕ್ಕದ ಮಿಲ್ಲಿನ ಹೊಟ್ಟಿನ ದೂಳು ಜಿಪ್ಪಿನೊಳಗೆ ಹೋಗಿ ಕಚ್ಚಿಕೊಂಡಿತು. ನಾನು ಹಲ್ಲುಜ್ಜುವ ಬ್ರಷ್ ತಂದು ತಿಕ್ಕಿರಿ, ಬಿಡುತ್ತದೆ ಅಂದೆ. ಪಾಪ, ಬರೆದುಕೊಂಡರು. ನಿವೃತ್ತರಾದರೂ ಟೀಚರ್‌ಗಳಿಗೆ ಬರೆದುಕೊಳ್ಳುವ ಚಟ ಹೋಗುವುದಿಲ್ಲ.

ಆರನೇ ಬುಟ್ಟಿಯ ಹತ್ತಿರ ಒಂದು ಆಯಿತು. ಬೇಲಿಯ ಪಕ್ಕ ಇಕ್ಕಟ್ಟು ಜಾಗ, ಎಡಗಡೆ ಜಾಲಿ. ಕಣ್ಣು ಬುಟ್ಟಿಯ ಮೇಲಿಟ್ಟು ನಾನು ಕೈ ಹಿಂದಕ್ಕೆ ಚಾಚಿದೆ. ಚಾಚಿ ನಿಂತೆ. ಕೈಗೆ ಏನೂ ಬರಲಿಲ್ಲ. ಹಿಂದೆ ತುಂಗಾಬಾಯಿ ನಿಂತಿದ್ದರು. "ಏನ್ ಬೇಕ್ರಿ ಶೇಖಮ್ಮನವ್ರ?" ಅಂದರು. ಏನೂ ಬೇಡ ಅಂತ ಕೈ ಸೆರಗಿಗೆ ಒರೆಸಿಕೊಂಡೆ.

ಆಟ ಮುಗಿದ ಮೇಲೆ ಅವರು ತಾವೇ ಬಂದು ಕೇಳಿದರು. ಅವರಿಗೆ ಜೋಡಿ ಇಲ್ಲವಂತೆ, ನನಗೂ ಇಲ್ಲ, ಇಬ್ಬರೂ ಸೇರಿದರೆ ಗೆಲ್ಲಬಹುದು. ಅದು ಸುಳ್ಳಲ್ಲ. ಅವರ ಎಸೆತ ದಾರ ಕಟ್ಟಿ ಎಳೆದಂತೆ ನೇರ ಹೋಗುತ್ತದೆ. ಯೋಚಿಸಿ ಹೇಳುತ್ತೇನೆ ಅಂದೆ. ನನಗೆ ಜೋಡಿ ಇಲ್ಲ ಅಂತ ಅವರೇಕೆ ಅಂದರು ಅಂತ ಮನೆಗೆ ಬಂದ ಮೇಲೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಡಿಸೆಂಬರ್ 22, ಸೋಮವಾರ

ಆರನೇ ಬುಟ್ಟಿಗೆ ಯಾವ ತಾಟು ಕೊಡುತ್ತಿದ್ದೆ ನೀನು? ಹಳದಿಯೋ, ಅಂಚು ಸವೆದ ಕೆಂಪೋ?

ಡಿಸೆಂಬರ್ 28, ರವಿವಾರ

ಗಬ್ಬೂರಿಗೆ ಹೋಗಿ ಬಂದೆ. ತಂಗಿ ಗೋಪಮ್ಮನ ಮನೆ ಅಲ್ಲಿ. ದೇವದುರ್ಗದ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಹೆಂಗಸರ ಸಾಮ್ರಾಜ್ಯ, ನಿಲ್ಲಲು ಜಾಗ ಇಲ್ಲ. ಒಬ್ಬಳು ತನ್ನ ಮೂಟೆಯನ್ನು ನನ್ನ ಕಾಲ ಮೇಲೆ ಇಟ್ಟು ಫೋನ್ ಮಾಡುತ್ತ ನಿಂತಳು. ಗಬ್ಬೂರು ಬರುವವರೆಗೂ ಬಾಯಿ ಬಿಡಲಿಲ್ಲ. ಇದನ್ನು ಡಾಕ್ಟರಿಗೆ ಹೇಳಬೇಕು.

ಗೋಪಮ್ಮ ಹತ್ತಿ ಬಿಡಿಸಲು ಹೊಲಕ್ಕೆ ಹೊರಟಿದ್ದಳು. ನಾನೂ ಹೋದೆ. ದಾರಿಯುದ್ದಕ್ಕೂ ಗೇಲಿ ಮಾಡಿದಳು. "ಈ ವಯಸ್ಸಿನ್ಯಾಗ ತಾಟು ಎಸೀತಿಯಂತಲ್ಲ. ನಿನ್ನ ಗಂಡ ಇದ್ದಾಗ ಎಸೆದದ್ದು ಸಾಲಲಿಲ್ಲೇನು?" ಅಂದಳು. ಅವನಿಗೆ ಒಂದೂ ತಾಗಲಿಲ್ಲ, ಅದಕ್ಕೇ ಈಗ ಗುರಿ ಕಲಿಯುತ್ತಿದ್ದೇನೆ ಅಂದೆ. ಹೊಲದ ಹೆಂಗಸರೆಲ್ಲ ನಕ್ಕರು.

ಸಾಲು ಹಿಡಿದು ನಿಂತಾಗ ನನಗೂ ಒಂದು ಹಳೆಯ ಸೀರೆ ಕೊಟ್ಟಳು. ಸೊಂಟಕ್ಕೆ ಉಡಿ ಕಟ್ಟಿಕೊಂಡೆ. ಚಿಕ್ಕಂದಿನ ಕೈ ಮರೆತಿರಲಿಲ್ಲ. ಬಿಡಿಸಿದ ಹತ್ತಿಯನ್ನು ಉಡಿಯಲ್ಲಿ ತುಂಬುತ್ತ ತುಂಬುತ್ತ ಸಾಲಿನ ಕೊನೆಗೆ ಬಂದು ನೋಡಿದರೆ ಉಡಿ ಬಸುರಿಯ ಹೊಟ್ಟೆಯಂತೆ ಆಗಿತ್ತು, ಹೆಗಲಿಗೆ ಮಾತ್ರ ಏನೂ ಗೊತ್ತಿಲ್ಲ. ಭಾರವೆಲ್ಲ ಸೊಂಟದ ಮೇಲೆ. ಕೈ ಎರಡೂ ಬಿಡುವಾಗಿವೆ. ಬಗ್ಗುವುದಿಲ್ಲ, ಇಳಿಸುವುದಿಲ್ಲ, ಏರಿಸುವುದಿಲ್ಲ. ಅಲ್ಲೇ ನಿಂತುಬಿಟ್ಟೆ.

ನೂರ್ ಬೀ, ನಿನಗೆ ಆಗಲೇ ಹೇಳಬೇಕೆನ್ನಿಸಿತು. ಹೆಗಲಿಗೆ ಹಾಕುವ ಚೀಲ ಹುಡುಕಿದ್ದೇ ತಪ್ಪು. ಉಡಿಯ ಹಾಗೆ ಸೊಂಟಕ್ಕೆ ಕಟ್ಟುವಂಥದ್ದು ಬೇಕು. ಪ್ಯಾರಾಚೂಟ್ ಬಟ್ಟೆ ಎರಡು ಪದರ. ಅಡಿಗೆ ಮಾತ್ರ ತಾಡಪತ್ರಿಯ ತುಂಡು, ಮುಳ್ಳಿಗೆ. ಜಿಪ್ ಬೇಡ, ದೂಳು ತಿನ್ನುತ್ತದೆ. ಮೇಲೆ ಒಂದು ಮಡಿಕೆ, ಲಾಡಿ ಎಳೆದರೆ ಸಾಕು.

ಗೋಪಮ್ಮ ದೂರದಿಂದ ಕೂಗಿದಳು. "ಏ ಯಕ್ಕಾ, ನಿಂತು ನಿದ್ದಿ ಮಾಡಾಕತ್ತೀಯೇನು?"

ಬರುವಾಗ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು. ಪಕ್ಕದ ಸೀಟು ಖಾಲಿ ಇತ್ತು. ಅದರ ಮೇಲೆ ನನ್ನ ಗಂಟು ಇಟ್ಟುಕೊಂಡೆ. ಕೂಡಲು ಬಂದವಳಿಗೆ ಗಂಟು ಎತ್ತಿ ಜಾಗ ಕೊಡಲು ಮನಸ್ಸೇ ಬರಲಿಲ್ಲ. ಕೊಟ್ಟೆ.

ಡಿಸೆಂಬರ್ 31, ಬುಧವಾರ

ಖಾಜಾನ ಮುಂದೆ ಕೂತು ಹೊಲಿಸಿದೆ. ಹೇಳುವ ಮೊದಲೇ ಅವನು ಅಳತೆ ಪಟ್ಟಿ ಎತ್ತಿದ. ಇಬ್ಬರದು ಅಂದೆ. ಜೋಡಿ ಬಂದರೇನು ಅಂದ. ಹೊಲಿ ಅಂದೆ.

ನಡುವೆ ಒಂದು ಬಟ್ಟೆಯ ಗೋಡೆ ಹಾಕಿಸಿದೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ನಿಲ್ಲುವಂತೆ ತಾಟುಗಳು ನೇರ ನಿಲ್ಲುತ್ತವೆ. ಈ ಕಡೆ ನನ್ನವು, ಆ ಕಡೆ ನಿನ್ನವು. ಸೊಂಟದ ಪಟ್ಟಿ ನಾಲ್ಕು ಬೆರಳು ಅಗಲ, ಕೊರೆಯದಂತೆ ಒಳಗೆ ಹಳೆಯ ಕಂಬಳಿಯ ತುಂಡು. ಚೀಲದ ಬಾಯಿ ಎಡಸೊಂಟಕ್ಕೆ ಬರುತ್ತದೆ, ಬಲಗೈ ಹೊಟ್ಟೆಯ ಮುಂದೆ ತಂದರೆ ತಾಟು ಕೈಗೆ. ಎರಡು ಸಲ ಹೊಲಿಗೆ ಬಿಚ್ಚಿಸಿದೆ. ಮೂರನೇ ಸಲ ಅವನೇ ಬಿಚ್ಚಿದ. ಮೊದಲು ನನ್ನನ್ನು ಬೈದುಕೊಂಡ, ಆಮೇಲೆ ಮಷೀನು ಬಿಟ್ಟು ತಾನೇ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಮುಂದೆ ಹೋಗಿ ಬಂದ. ಜನ ನೋಡಿದರು. "ಭಾರಾನೇ ಇಲ್ಲ ನೋಡ್ರಿ" ಅಂದ, ತಾನೇ ಕಂಡುಹಿಡಿದವನ ಹಾಗೆ.

ರಾತ್ರಿ ಬಾಣ ಬಿರುಸು ಹಾರಿಸುತ್ತಿದ್ದಾರೆ. ಹೊಸ ವರ್ಷವಂತೆ. ರವಿವಾರ ಮಾನ್ವಿಗೆ ಹೋಗುತ್ತೇನೆ. ಹೇಳಿ ಹೋಗುವುದಿಲ್ಲ. ಹೇಳಿದರೆ "ನೋಡೋಣು" ಅನ್ನುತ್ತೀಯ.

ಜನವರಿ 4, ರವಿವಾರ

ಎಲ್ಲಿಂದ ಸುರು ಮಾಡಲಿ ತಿಳಿಯುತ್ತಿಲ್ಲ.

ಬಾಗಿಲು ತೆರೆದವಳು ಅಮೀರ್ ಬೀ. ಕಾಲು ನೋಡಿದೆ. ನೆಟ್ಟಗೆ ನಡೆದು ಬಂದಳು, ನೆಟ್ಟಗೆ ನಡೆದು ಚಹಾ ಮಾಡಲು ಹೋದಳು. ಮಗಳು ಓಡಾಡುತ್ತಿದ್ದಾಳೆ, ತಾಯಿ ಮಾತ್ರ ರಾಯಚೂರಿಗೆ ಬರಲಾರಳು. ಮೈಯೆಲ್ಲ ಉರಿಯಿತು. ಬಾಯಿ ಬಿಗಿ ಹಿಡಿದು ಕೂತೆ.

ನೂರ್ ಬೀ ಒಳಗಿಂದ ಬಂದಳು. ಇಳಿದು ಹೋಗಿದ್ದಾಳೆ. ನನ್ನನ್ನು ನೋಡಿ ನಿಂತಲ್ಲೇ ನಿಂತಳು. ಹೇಳದೆ ಬಂದಿಯಲ್ಲ ಅಂದಳು. ಚಹಾ ಕುಡಿಯುವವರೆಗೆ ಮಿಲ್ಲು, ಓಣಿ, ನಲ್ಲಿ ನೀರು ಅಂತ ಮಾತಾಡಿದೆವು. ನಾನು ಚೀಲ ತೆಗೆದು ಅವಳ ಮುಂದಿಟ್ಟೆ. ಬಟ್ಟೆ ಸವರಿದಳು, ಅಡಿ ತಿರುವಿ ನೋಡಿದಳು, ನಡುವಿನ ಗೋಡೆಯಲ್ಲಿ ಬೆರಳು ಆಡಿಸಿದಳು. ಅವಳು ಹಾಗೆ ನಿಧಾನವಾಗಿ ನೋಡುವುದನ್ನು ನಾನು ಎಷ್ಟು ದಿನದಿಂದ ನೋಡಿರಲಿಲ್ಲ.

ಕಟ್ಟಿಕೋ ಅಂದೆ. ನಾನೇ ಸೊಂಟಕ್ಕೆ ಕಟ್ಟಿದೆ. ತಾಟು ತೆಗಿ ಅಂದೆ.

ಎಡಗೈ ತಂದಳು. ಬಾಯಿ ಎಡಗಡೆಗೇ ಇದೆ, ಎಡಗೈಗೆ ಅದು ಸಿಗುವುದಿಲ್ಲ. ಮೊಣಕೈ ಮುರಿದು, ಮೈ ತಿರುಚಿ, ಕೋಳಿ ರೆಕ್ಕೆ ಎತ್ತಿದ ಹಾಗೆ ಎಳೆದಳು. ಬಲಗೈ ಬಳಸು, ಅದಕ್ಕೇ ಹಾಗೆ ಹೊಲಿಸಿದ್ದು ಅಂದೆ. ಅವಳು ಮತ್ತೆ ಎಡಗೈಯಲ್ಲೇ ಎಳೆದಳು. ಆಗ ನನ್ನ ಬಾಯಿ ಬಿಟ್ಟಿತು.

"ಆ ಕೈ ಏನ್ ಅಡವು ಇಟ್ಟೀ ಏನಬೇ?"

"ಅಲ್ಲೇ ಅದ," ಅಂದಳು. "ಏಳಂಗಿಲ್ಲ."

ಸಕ್ಕರೆ ಕಾಯಿಲೆಯವರಿಗೆ ಹಾಗೆ ಹೆಗಲು ಹಿಡಿಯುತ್ತದಂತೆ. ಇಲ್ಲಿಗೆ ಬಂದ ತಿಂಗಳಲ್ಲೇ ಸುರುವಾದದ್ದು. ಬಲಗೈ ಅಡ್ಡಕ್ಕೂ ಬರುವುದಿಲ್ಲ, ಎದೆಯ ಮಟ್ಟಕ್ಕಿಂತ ಮೇಲೂ ಹೋಗುವುದಿಲ್ಲ. ತಲೆ ಬಾಚುವುದು ಅಮೀರ್ ಬೀ. ಬಿಡುತ್ತದೆ, ಆದರೆ ವರ್ಷ ಹಿಡಿಯಬಹುದು ಅಂದಿದ್ದಾರಂತೆ ಡಾಕ್ಟರ್. ಇದನ್ನೆಲ್ಲ ಹೇಳಿದ್ದು ಅಮೀರ್ ಬೀ, ಒಳಗಿನಿಂದ. ನೂರ್ ಬೀ ಹೇಳಲಿಲ್ಲ. ಫೋನಿನಲ್ಲಿ ಹೇಳಲು ಏನಾಗಿತ್ತು ಅಂದೆ. ಹೇಳಿದರೆ ನೀನು ಬೇರೆ ಜೋಡಿ ಹುಡುಕಿಕೊಳ್ಳುತ್ತೀಯ, ಹುಡುಕಿಕೊಳ್ಳಬೇಕು ಕೂಡ, ಆದರೆ ಅದು ನನ್ನ ಬಾಯಿಂದ ಬರಲಿಲ್ಲ ಅಂದಳು.

ನಾನು ಅವಳನ್ನು ಎಬ್ಬಿಸಿ ಓಣಿಗೆ ಕರೆದುಕೊಂಡು ಹೋದೆ. ಎಡಗೈಯಲ್ಲಿ ಎಸಿ ಅಂದೆ. ಹುಚ್ಚು ಹಿಡಿದಿದೆಯಾ ಅಂದಳು. ಎಸಿ ಅಂದೆ. ಎಸೆದಳು. ಮುಂದೆ ಹೋಗಬೇಕಾದ ತಾಟು ಪಕ್ಕಕ್ಕೆ ತಿರುಗಿ, ಮೇಲೆದ್ದು, ಎದುರು ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯ ನಡುವೆ ಬಿತ್ತು. ಆ ಮನೆಯವಳು ಹೊರಗೆ ಬಂದು ಮೇಲೆ ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಮೇಲೆ ನೋಡಿದಳು. ನೂರ್ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ನಕ್ಕು ಗೋಡೆಗೆ ಒರಗಿದಳು. ನಾನು ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತ ಇಳಿಸಿಕೊಂಡು ಬಂದೆ.

ಆಮೇಲೆ ನಗು ನಿಂತಿತು. ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ನಿನ್ನ ಆಟ ಕೆಡಸಾಕ ಬರ್ಲೇನು ನಾನು?"

"ನಾ ನಿನ್ನ ಕೈ ಕೇಳಾಕ ಬಂದಿಲ್ಲ."

"ಮತ್ತೇನ್ ಕೇಳಾಕ ಬಂದಿ?"

ಬಸ್ಸಿಗೆ ಹೊತ್ತಾಯಿತು ಅಂದೆ. ಹೊತ್ತಾಗಿರಲಿಲ್ಲ. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತಿದ್ದೆ. ಬಂದ ಬಸ್ಸು ಹತ್ತಲಿಲ್ಲ, ಅದರ ಹಿಂದಿನದನ್ನು ಹತ್ತಿದೆ.

ಜನವರಿ 5, ಸೋಮವಾರ

ತಲೆ ಬಾಚಿಕೊಳ್ಳಲು ಆಗದೆ ಎರಡು ತಿಂಗಳು ಕೂತಿದ್ದೀಯ. ನಾನು ಇಲ್ಲಿ ಚೀಲಕ್ಕೆ ಬಟ್ಟೆ ಆರಿಸುತ್ತಿದ್ದೆ.

ಜನವರಿ 7, ಬುಧವಾರ

ತುಂಗಾಬಾಯಿಯವರಿಗೆ ಇಲ್ಲ ಅಂದೆ. ಬಯಲಿನಲ್ಲಿ ಎಲ್ಲರ ಮುಂದೆ ಬೇಡ ಅಂತ ಅವರ ಮನೆಗೇ ಹೋಗಿ ಹೇಳಿದೆ. ಮೊದಲಾಗಿದ್ದರೆ ಬಯಲಿನಲ್ಲೇ ಹೇಳಿ ಬಿಡುತ್ತಿದ್ದೆನೇನೋ, ಬಿಸಿಲಿತ್ತು, ನೆರಳಲ್ಲಿ ಹೇಳೋಣ ಅನ್ನಿಸಿತು ಅಷ್ಟೇ.

ನೂರ್ ಬೀ ಬರುತ್ತಾರೇನು ಅಂದರು. ಗೊತ್ತಿಲ್ಲ ಅಂದೆ. ಗೊತ್ತಿಲ್ಲದೆಯೇ ನನಗೆ ಇಲ್ಲ ಅನ್ನುತ್ತೀರಾ ಅಂದರು. ಹೌದು ಅಂದೆ. "ನಮ್ಮವರು ಹೋದ ಮ್ಯಾಲೆ ನನಗ ಯಾರೂ ಹಿಂಗ ಕಾದಿಲ್ಲ ನೋಡ್ರಿ" ಅಂದರು. ಜಿಪ್ ಸರಿಹೋಯಿತೇ ಅಂತ ಕೇಳಿದೆ. ಬ್ರಷ್ ಹಾಕಿ ತಿಕ್ಕಿದ್ದರಂತೆ, ಆಗಿದೆ. ಅವಲಕ್ಕಿ ಕೊಟ್ಟರು. ತಿಂದೆ. ಮುಂದಿನ ವಾರದಿಂದ ಒಂಟಿ ಆಟದ ದಿನ ಜೊತೆಗೆ ಹೋಗೋಣ ಅಂದೆ.

ದುರ್ಗಾ ಮನೆಯಲ್ಲಿ ತಲೆ ಹಿಡಿದು ಕೂತಳು. ಎಡಗೈ ಎಸೆತದವಳನ್ನು ಕಟ್ಟಿಕೊಂಡು ಕೊನೆಯ ಜಾಗಕ್ಕೆ ಬರುತ್ತೀಯ ಯವ್ವಾ ಅಂದಳು. ಬರಲಿ. ಕೊನೆಗೆ ಬಂದವರು ಮನೆಗೆ ಹೋಗಬಾರದು ಅಂತ ಏನಾದರೂ ಇದೆಯಾ? ಜೋಡಿಯಲ್ಲಿ ಇಬ್ಬರ ಹೆಸರೂ ಶುಕ್ರವಾರ ಹದಿನಾರಕ್ಕೆ ಕೊಡಬೇಕು, ನೂರ್ ಬೀ ತಾನೇ ಹೂಂ ಅನ್ನಬೇಕು, ನೀನು ಅವರ ಪರವಾಗಿ ಹೇಳುವ ಹಾಗಿಲ್ಲ ಅಂದಳು. ಮೊಮ್ಮಗಳಾದರೂ ನಿಯಮ ನಿಯಮ. ಅದು ನನ್ನ ರಕ್ತವೇ.

ಜನವರಿ 9, ಶುಕ್ರವಾರ

ಖಾಜಾನ ಹತ್ತಿರ ಮತ್ತೆ ಹೋದೆ. ದೂರದಿಂದಲೇ ನನ್ನನ್ನು ಕಂಡು ಕೊಡೆಯ ಹಿಂದೆ ಸರಿದ. ಬಾಯಿ ಬಲಗಡೆಗೆ ಬರಬೇಕು, ಎಡಗೈ ಹೊಟ್ಟೆಯ ಮುಂದೆ ತಂದರೆ ಸಾಕು, ತಿರುಚುವ ಹಾಗಿರಬಾರದು ಅಂದೆ. ಕಟ್ಟುವ ಲಾಡಿ ಹಿಂದೆ ಬೇಡ, ಮುಂದೆ ಬರಬೇಕು, ಒಂದೇ ಕೈಯಲ್ಲಿ ಎಳೆದು ಬಿಗಿಯುವಂತಿರಬೇಕು. ಯಾಕೆ ಏನು ಅಂತ ಈ ಸಲ ಕೇಳಲಿಲ್ಲ. ತಾನೇ ಬಲಗೈ ಬೆನ್ನಿಗೆ ಕಟ್ಟಿದಂತೆ ಹಿಂದಿಟ್ಟುಕೊಂಡು ಎಡಗೈಯಲ್ಲಿ ಬಿಗಿದು ನೋಡಿದ. ಮೊದಲ ಸಲ ಜಾರಿತು. ಒಂದು ಕೊಂಡಿ ಹಾಕಿದ. ನಿಂತಿತು.

ಬಲಗಡೆ ಬಾಯಿ ಇರುವ ಚೀಲ ನನಗೆ ಆಗುವುದಿಲ್ಲ. ನಾನೂ ಕಟ್ಟಿ ನೋಡಿದೆ. ಬಲಗೈಗೆ ಏನೂ ಸಿಗುವುದಿಲ್ಲ. ಇದು ಇನ್ನು ನಿನಗೆ ಮಾತ್ರ ಆಗುವ ಚೀಲ.

ಡಾಕ್ಟರ್ ಹತ್ತಿರವೂ ಹೋಗಿ ಬಂದೆ. ಬಿ.ಪಿ. ಇಳಿದಿದೆ. ಗುಳಿಗೆಯ ಗುಣ. ಬರೆಯುವುದು ಸಾಕು ಮಾಡಬಹುದು ಅಂದರು.

ಜನವರಿ 11, ರವಿವಾರ

ಸಾಕು ಮಾಡಬಹುದು ಅಂದರೂ ಕೂತಿದ್ದೇನೆ. ಇವತ್ತಿನದು ಒಂದು ಬರೆದು ಬಿಡುತ್ತೇನೆ.

ಅಮೀರ್ ಬೀಯ ಗಂಡ ಸಾಮಾನು ತರಲು ರಾಯಚೂರಿಗೆ ಬಂದಿದ್ದ. ಚೀಲ ಅವನ ಕೈಯಲ್ಲಿ ಕೊಟ್ಟು ಕಳಿಸಿದೆ. ಖಾಲಿ ಕಳಿಸಲಿಲ್ಲ. ಆ ಕಡೆ ನಿನ್ನ ತಾಟು ಇಟ್ಟೆ. ಈ ಕಡೆ ನನ್ನವೂ ಇಟ್ಟೆ, ಎಲ್ಲಾ. ಲಾಡಿ ಎಳೆದು ಕೊಟ್ಟೆ. ಅವನು ಎತ್ತಿ ನೋಡಿ, ಇಷ್ಟೂ ತಾಟು ಇದರೊಳಗೆ ಇವೆಯೇ, ಇಷ್ಟು ಹಗುರ ಅಂದ. ನನಗೂ ಕೊಟ್ಟ ಮೇಲೆ ಕೈ ಬರಿದಾದದ್ದು ಗೊತ್ತಾಯಿತು. ಸಂಜೆ ಬಯಲಿಗೆ ಹೋಗಿ ಸುಮ್ಮನೆ ಒಂದು ಸುತ್ತು ನಡೆದು ಬಂದೆ. ಎಸೆಯಲು ನನ್ನ ಹತ್ತಿರ ಒಂದೂ ಇಲ್ಲ. ದುರ್ಗಾ ಶಾಲೆಯದು ಕೊಡುತ್ತೇನೆ ಅಂದಳು. ಬೇಡ ಅಂದೆ.

ಏನು ಕೇಳಲು ಬಂದಿ ಅಂದೆಯಲ್ಲ ಮಾನ್ವಿಯಲ್ಲಿ. ಅವತ್ತು ಬಾಯಿಗೆ ಬರಲಿಲ್ಲ. ನೀನು ಕನ್ನಡ ಓದುವವಳಲ್ಲ, ಓದು ಅಂತ ಕೊಡುವವಳೂ ನಾನಲ್ಲ. ನಾಳೆ ಫೋನಿನಲ್ಲಿ ಹೇಳಬೇಕಾದದ್ದನ್ನು ತಪ್ಪದ ಹಾಗೆ ಇಲ್ಲಿ ಒಮ್ಮೆ ಹೇಳಿಕೊಳ್ಳುತ್ತೇನೆ.

ನಿನ್ನ ತಾಟು ಮಾಳಿಗೆಯ ಮೇಲೆ ಬೀಳಲಿ, ಮುಳ್ಳಿನಲ್ಲಿ ಬೀಳಲಿ, ಅದನ್ನು ಲೆಕ್ಕಕ್ಕೆ ಹಿಡಿಯುವವರು ಯಾರೂ ಇಲ್ಲ. ನನ್ನದನ್ನು ಹಿಡಿಯೋಣ. ನನ್ನದೂ ಕೆಟ್ಟರೆ ಇಬ್ಬರೂ ಕೆಟ್ಟದ್ದರಿಂದಲೇ ಎಸೆಯೋಣ. ತಲೆ ಬಾಚಲು ಅಮೀರ್ ಬೀಯೇ ಬೇಕು ಅಂತಿಲ್ಲ, ನನ್ನ ಎರಡೂ ಕೈ ಏಳುತ್ತವೆ. ನಿನ್ನ ಮನೆಯ ಬೀಗ ನಾಳೆಯೇ ತೆಗೆದು ಗುಡಿಸಿ ಇಡುತ್ತೇನೆ, ನೀನು ಹೂಂ ಅಂದರೂ ಇಲ್ಲ ಅಂದರೂ. ಬೆಳಿಗ್ಗೆ ಆ ಬಾಗಿಲ ಮುಂದೆ ಹಾದು ಹೋಗುವಾಗ ಕೂಗಬೇಕು ಅಂತ ಬಾಯಿ ತೆರೆಯುತ್ತೇನೆ. ಬೀಗ ಕಂಡು ಮುಚ್ಚುತ್ತೇನೆ. ದಿನಾ ಹೀಗೆ ಮಾಡಿ ಸಾಕಾಗಿದೆ.

ನನಗೆ ನೀನು ಬೇಕು. ಇದನ್ನು ಕೇಳಲು ಬಂದಿದ್ದೆ.

ಇನ್ನು ನೋಡೋಣು ಅನ್ನಬೇಡ. ಶುಕ್ರವಾರ, ಹದಿನಾರನೇ ತಾರೀಖು, ಸಂಜೆಯೊಳಗೆ ಹೇಳು. ಬರುತ್ತೀಯೋ ಇಲ್ಲವೋ.